ಪಕ್ಕದ ಸೀಟು

"ಬ್ರೇಕಿನ ಕೆಲಸ ಈ ಚೀಟೀಲಿ ಇಲ್ವಲ್ಲ ಮೇಡಂ," ಎಂದ ಮೆಕ್ಯಾನಿಕ್ ಎಲ್ವಿನ್ ಮಾಸ್ಟ್, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು.

ಮೋಟಾರ್‌ಹೋಮ್ ಕ್ಲಬ್ಬಿನ ಮೇಳದ ಮೂರನೆಯ ದಿನ, ಬೆಳಗಿನ ಏಳು ಗಂಟೆ. ಇಂಡಿಯಾನಾದ ಆ ಮೈದಾನದ ತುಂಬ, ಒಳಗೇ ಅಡುಗೆಮನೆ, ಹಾಸಿಗೆ ಇರುವ ಇನ್ನೂರು ಮೋಟಾರ್‌ಹೋಮ್‌ಗಳು ಸಾಲುಗಟ್ಟಿ ನಿಂತಿದ್ದವು. ಎಲ್ಲಿಂದಲೋ ಬೇಕನ್ ಹುರಿಯುವ ವಾಸನೆ ಬರುತ್ತಿತ್ತು. ರಿಪೇರಿ ಶೆಡ್ಡಿನ ಮುಂದಿನ ಸರದಿಯಲ್ಲಿ ಮೊದಲು ನಿಂತದ್ದು ಮಾರ್ವಾ ಟಿಲ್ಸನ್‌ಳ ಗಾಡಿ. ಮೂವತ್ತಾರು ಅಡಿ ಉದ್ದ, ಬಿಸಿಲಿಗೆ ಬಣ್ಣ ಮಾಸಿದ್ದು.

"ಇಲ್ಲ ಅಂದ್ರೆ? ನಿಲ್ಲಿಸೋವಾಗ ಎಡಕ್ಕೆ ಎಳೆಯುತ್ತೆ. ಅದನ್ನೇ ಮೊದಲು ಬರೆಸು ಅಂತ ಗಾರ್ಡನ್‌ಗೆ ಹೇಳಿದ್ದೆ."

"ಎಣ್ಣೆ ಬದಲಾಯಿಸೋದೂ ಇಲ್ಲ, ಜನರೇಟರೂ ಇಲ್ಲ. 'ಮಾರಾಟಕ್ಕೆ ಬೆಲೆ ಕಟ್ಟುವುದು' ಅಂತ ಒಂದೇ ಸಾಲು." ಎಲ್ವಿನ್ ಚೀಟಿಯನ್ನು ಅವಳತ್ತ ತಿರುಗಿಸಿದ. "ಮಾರೋ ಗಾಡಿಗೆ ಯಾಕೆ ಸುಮ್ನೆ ಖರ್ಚು ಅಂತ ಬಿಟ್ಟಿರಬೇಕು, ನಿಮ್ಮ ಯಜಮಾನ್ರು."

"ನಮ್ಮ ಯಜಮಾನ್ರು ತೀರಿಕೊಂಡು ಎಂಟು ತಿಂಗಳಾಯ್ತು. ಇದು ಮೈದುನನ ಸಹಿ."

ಎಲ್ವಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಮಾರ್ವಾಳಿಗೆ ಈಗ ಒಂದೊಂದೇ ಅರ್ಥವಾಗತೊಡಗಿತು. ರಾಯ್‌ನ ಅಂತ್ಯಸಂಸ್ಕಾರವಾದಾಗಿನಿಂದ ಅವನ ತಮ್ಮ ಗಾರ್ಡನ್ ಎಲ್ಲವನ್ನೂ ತಾನೇ ಹೊತ್ತುಕೊಂಡಿದ್ದ. 'ಒಂದ್ಸಲ ಮೇಳಕ್ಕೆ ಬಾ, ನಾಲ್ಕು ಜನರನ್ನ ನೋಡಿದ ಹಾಗೂ ಆಗುತ್ತೆ, ಗಾಡಿಗೆ ಸರ್ವಿಸೂ ಆಗುತ್ತೆ' ಎಂದು ನೆಬ್ರಾಸ್ಕಾದ ಅವಳ ಮನೆಯವರೆಗೂ ಬಂದು, ಆರುನೂರು ಮೈಲಿ ತಾನೇ ಓಡಿಸಿಕೊಂಡು ಬಂದಿದ್ದ. ಅವನ ಹೆಂಡತಿ ಫಿಲಿಸ್ ಕಾರಿನಲ್ಲಿ ಹಿಂದೆ ಬಂದಿದ್ದಳು. ಇಲ್ಲಿಗೆ ಬಂದಾಗಿನಿಂದ ಕ್ಲಬ್ಬಿನ ಹೆಂಗಸರೆಲ್ಲ ಮಾರ್ವಾಳನ್ನು ಅಪ್ಪಿಕೊಂಡು, "ಎಂಥಾ ಗಟ್ಟಿ ಮನಸ್ಸು ಮಾಡಿದೆ ಮಾರ್ವಾ" ಎಂದು ಬೆನ್ನು ಸವರುತ್ತಿದ್ದರು. ಗಂಡನ ಸಾವನ್ನು ತಡೆದುಕೊಂಡದ್ದಕ್ಕೆ ಹಾಗನ್ನುತ್ತಾರೆಂದು ಅವಳು ಕಣ್ಣೊರೆಸಿಕೊಂಡಿದ್ದಳು. ಗಾಡಿ ಮಾರುವ ಸುದ್ದಿ ಮೇಳಕ್ಕೆಲ್ಲ ಗೊತ್ತಿತ್ತು, ಗಾಡಿಯ ಒಡತಿಯೊಬ್ಬಳನ್ನು ಬಿಟ್ಟು.

ಅಷ್ಟರಲ್ಲಿ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು, ಬಾಯಲ್ಲಿ ಡೋನಟ್ ಕಚ್ಚಿಕೊಂಡು ಗಾರ್ಡನ್ ಬಂದ. ಅವಳ ಕೈಯಲ್ಲಿದ್ದ ಚೀಟಿ ಕಂಡದ್ದೇ ಅವನ ನಡಿಗೆ ನಿಧಾನವಾಯಿತು. ಲೋಟಗಳನ್ನು ಬೆಂಚಿನ ಮೇಲಿಟ್ಟು ಡೋನಟ್ ಕೈಗೆ ತೆಗೆದುಕೊಂಡ.

"ನಾಳೆ ಹೇಳೋಣ ಅಂತಿದ್ದೆ, ಮಾರ್ವಾ. ಬೆಲೆ ಎಷ್ಟು ಅಂತ ಗೊತ್ತಾದ್ಮೇಲೆ. ಜೋಲೀನ್ ಹತ್ರ ಮಾತಾಡಿದೀನಿ, ಅವಳೂ ಒಪ್ಪಿದಾಳೆ."

"ನನ್ನ ಮಗಳು ಒಪ್ಪಿದಾಳೆ. ನೀನು ಒಪ್ಪಿದೀಯ. ಆ ಡೋನಟ್ ಮಾರೋನನ್ನ ಕೇಳಿದ್ಯಾ? ಅವನೂ ಒಪ್ತಿದ್ನೇನೋ."

"ಹಂಗಲ್ಲ. ಎಪ್ಪತ್ತೆರಡಾಯ್ತು ನಿನಗೆ. ಒಬ್ಬಳೇ ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಏನ್ಮಾಡ್ತೀಯ? ದಾರೀಲಿ ಟೈರು ಸಿಡಿದ್ರೆ?"

"ಸಿಡಿದಿದೆ. ಹಿಂದೆ ನಲವತ್ತೊಂದು ಮಕ್ಕಳು ಕೂತಿದ್ರು, ರಸ್ತೆ ತುಂಬ ಮಂಜುಗಡ್ಡೆ. ಒಬ್ಬರ ಊಟದ ಡಬ್ಬೀನೂ ಕೆಳಗೆ ಬೀಳಲಿಲ್ಲ."

ಮಾರ್ವಾ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವಳು. ಅದು ಗಾರ್ಡನ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಮರೆತಿದ್ದ ಅಷ್ಟೆ. ಅವನ ಮುಖ ಕೆಂಪಾಯಿತು.

"ಅದು ಬೇರೆ, ಇದು ಬೇರೆ. ರಾಯ್ ಇದ್ದಿದ್ರೆ ಅವನೂ ಇದನ್ನೇ ಹೇಳ್ತಿದ್ದ."

"ಹೇಳಿದ್ರೆ ಅವನಿಗೂ ಇದೇ ಮಾತು ಬೀಳ್ತಿತ್ತು."

ಆದರೆ ರಾಯ್ ಇದ್ದಾಗ ಅವಳು ಅಂಥ ಮಾತು ಆಡಿರಲಿಲ್ಲ. ನಿವೃತ್ತಿಯಾದ ವರ್ಷ ಗಾಡಿ ಕೊಂಡಾಗ, ಸ್ಟೀರಿಂಗ್ ಹಿಡಿದು ತನಗೂ ಸಾಕಾಗಿದೆ, ಅವನು ಖುಷಿಪಡಲಿ ಎಂದು ಪಕ್ಕದ ಸೀಟಿನಲ್ಲಿ ಕೂತಳು. ಹದಿನಾಲ್ಕು ವರ್ಷ ನಕ್ಷೆ ಓದಿದಳು, ಸ್ಯಾಂಡ್‌ವಿಚ್ ಬಿಚ್ಚಿ ಕೊಟ್ಟಳು. ವ್ಯೋಮಿಂಗ್‌ನ ಒಂದು ಘಟ್ಟದ ಕೆಳಗೆ, "ಇವತ್ತು ನಾನು ಓಡಿಸ್ಲಾ?" ಎಂದು ಒಮ್ಮೆ ಕೇಳಿದ್ದಳು. "ಇದು ಬಸ್ಸಲ್ಲ ಕಣೇ" ಎಂದು ಅವನು ನಕ್ಕಿದ್ದ. ಅವಳೂ ನಕ್ಕು ಸುಮ್ಮನಾಗಿದ್ದಳು. ಒಳ್ಳೆಯ ಗಂಡನೇ. ಆದರೂ ಆ ನಗು ಅವಳಿಗೆ ಮರೆತಿರಲಿಲ್ಲ.

ಮಾರ್ವಾ ಚೀಟಿಯನ್ನು ಎರಡಾಗಿ ಹರಿದು ಗಾರ್ಡನ್‌ನ ಅಂಗಿಯ ಜೇಬಿಗೆ ತುರುಕಿದಳು.

"ಹೊಸ ಚೀಟಿ ಬರೀರಿ, ಎಲ್ವಿನ್. ಬ್ರೇಕು, ಎಣ್ಣೆ, ಜನರೇಟರ್, ಗ್ಯಾಸ್ ಸೋರುತ್ತಾ ನೋಡೋದು, ಎಲ್ಲಾ. ಸಹಿ ನಾನು ಹಾಕ್ತೀನಿ."

"ಆಯ್ತು ಮೇಡಂ. ಕೀ ಕೊಡಿ, ನಮ್ಮೋರು ಒಳಗೆ ತರ್ತಾರೆ."

"ನಾನೇ ತರ್ತೀನಿ."

ಎಲ್ವಿನ್ ಶೆಡ್ಡಿನ ಬಾಗಿಲನ್ನೊಮ್ಮೆ ನೋಡಿದ. ಗಾಡಿಗೂ ಚೌಕಟ್ಟಿಗೂ ನಡುವೆ ಎರಡೂ ಕಡೆ ಒಂದೊಂದು ಗೇಣು ಉಳಿದರೆ ಹೆಚ್ಚು. ಗಾರ್ಡನ್ ಅಡ್ಡ ಬಂದು, "ಹುಚ್ಚು ಹಟ ಬೇಡ" ಎಂದ. ಅವಳು ಅವನನ್ನು ಬಳಸಿಕೊಂಡು ಹೋಗಿ ಮೆಟ್ಟಿಲು ಹತ್ತಿದಳು.

ಸೀಟು ಗಾರ್ಡನ್‌ನ ಉದ್ದ ಕಾಲಿಗೆ ಹೊಂದಿಸಿತ್ತು; ಅವಳ ಪಾದ ಬ್ರೇಕಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದಳು, ಸಾಲಲಿಲ್ಲ, ಇನ್ನೂ ಎಳೆದಳು. ಕನ್ನಡಿಗಳನ್ನು ತಿರುಗಿಸಿದಳು. ಎಂಜಿನ್ ಹಚ್ಚಿದಳು.

ಸರದಿಯಲ್ಲಿದ್ದ ಗಂಡಸರು ಕುರ್ಚಿ ಬಿಟ್ಟು ಎದ್ದು ಬಂದರು. ಒಬ್ಬ ಎಡಕ್ಕೆ ಕೈ ಬೀಸಿದ, ಇನ್ನೊಬ್ಬ ಬಲಕ್ಕೆ, ಮೂರನೆಯವನು "ನಿಲ್ಸು, ನಿಲ್ಸು!" ಎಂದು ಕೂಗಿದ. ಮಾರ್ವಾ ಕಿಟಕಿಯ ಗಾಜು ಏರಿಸಿದಳು. ಎಡಗನ್ನಡಿ, ಬಲಗನ್ನಡಿ, ಮತ್ತೆ ಎಡಗನ್ನಡಿ. ಗಾಡಿ ಇರುವೆ ಹರಿದ ಹಾಗೆ ಮುಂದೆ ಸರಿಯಿತು. ಚೌಕಟ್ಟು ಎರಡೂ ಕಡೆ ಹಿಂದೆ ಹೋಯಿತು. ಯಾವ ಸದ್ದೂ ಆಗಲಿಲ್ಲ. ಗಾಡಿ ನಿಲ್ಲಿಸಿ ಇಳಿದಾಗ ಬೆನ್ನಿನ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಕೂಗಿದವನು ತನ್ನ ಶೂ ನೋಡಿಕೊಳ್ಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಎಲ್ವಿನ್ ಗಾಡಿಯ ಕೆಳಗಿನ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಂಡ. "ಮುಂದಿನ ಬಲ ಚಕ್ರದ ಬ್ರೇಕು ಹಿಡೀತಾನೇ ಇರಲಿಲ್ಲ. ಎಡಗಡೇದೊಂದೇ ಹಿಡಿದು ಎಳೀತಿತ್ತು. ಓಡಿಸ್ತಿದ್ದೋರಿಗೆ ಗೊತ್ತಾಗ್ಲಿಲ್ವಾ?"

ಗಾರ್ಡನ್ ಅಲ್ಲೇ ಇದ್ದ. ಆರುನೂರು ಮೈಲಿ ಓಡಿಸಿದ್ದವನು ಅವನೇ.

"ಪಕ್ಕದಲ್ಲಿ ಕೂತಿದ್ದೋರಿಗೆ ಗೊತ್ತಾಯ್ತು," ಎಂದಳು ಮಾರ್ವಾ.

ಎಲ್ವಿನ್ ಹೊಸ ಭಾಗ ಹಾಕಿ ಸಂಜೆಯೊಳಗೆ ಮುಗಿಸಿಕೊಟ್ಟ. ಮರುದಿನ ಬೆಳಿಗ್ಗೆ ಅವಳು ನೀರಿನ ಪೈಪು ಸುತ್ತಿಡುತ್ತಿದ್ದಾಗ ಗಾರ್ಡನ್ ಬಂದು ನಿಂತ. ಮೇಳ ಮುಗಿಯಲು ಇನ್ನೂ ಎರಡು ದಿನವಿತ್ತು.

"ಊರಿಗಾ? ಫಿಲಿಸ್ ಕಾರಲ್ಲಿ ನಿನ್ನ ಹಿಂದೇನೇ ಬರ್ತಾಳೆ ಬೇಕಾದ್ರೆ."

"ಊರಿಗಲ್ಲ. ಉತ್ತರಕ್ಕೆ. ದೊಡ್ಡ ಸರೋವರದ ದಂಡೆಗೆ."

"ಒಬ್ಬಳೇ?" ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಭಯವಿತ್ತು. "ಅಣ್ಣ ಹೋದ. ಇನ್ನು ನಿನಗೂ ಏನಾದ್ರೂ ಆದ್ರೆ ನಾನೇನು ಮಾಡ್ಲಿ, ಮಾರ್ವಾ? ಜೋಲೀನ್‌ಗೆ ಏನು ಹೇಳ್ಲಿ?"

ಮಾರ್ವಾ ಪೈಪನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಅವನ ಕೆನ್ನೆಯನ್ನು ಒದ್ದೆ ಕೈಯಿಂದಲೇ ಮೆಲ್ಲನೆ ತಟ್ಟಿದಳು. "ನಾನೇ ಹೇಳ್ತೀನಿ. ಇವತ್ತಲ್ಲ. ಇನ್ಮೇಲೆ ನನ್ನ ವಿಷಯಕ್ಕೆ ನೀನು ಸಹಿ ಹಾಕ್ಬೇಡ, ಅಷ್ಟೆ."

ಮೈದಾನ ದಾಟಿ ಎಂಟು ಮೈಲಿಗೆ ಜೋಳದ ಹೊಲಗಳ ನಡುವೆ ಒಂಟಿ ರೈಲು ಹಳಿ ಬಂತು. ದೀಪ ಉರಿಯುತ್ತಿರಲಿಲ್ಲ, ಗೇಟು ಎದ್ದೇ ಇತ್ತು. ಆದರೂ ಮಾರ್ವಾ ಗಾಡಿ ನಿಲ್ಲಿಸಿದಳು. ಶಾಲಾ ಬಸ್ಸು ಪ್ರತಿ ಹಳಿಯ ಮುಂದೂ ನಿಂತು, ರೈಲಿನ ಸದ್ದಿಗೆ ಕಿವಿಗೊಟ್ಟೇ ದಾಟಬೇಕೆಂಬುದು ನಿಯಮ; ಮೂವತ್ತೊಂದು ವರ್ಷ ಹಾಗೆಯೇ ಮಾಡಿದ್ದಳು. ಗಾಡಿ ಯಾವ ಕಡೆಗೂ ಎಳೆಯದೆ ನೆಟ್ಟಗೆ ನಿಂತಿತು. ಹಿಂದಿನ ಟ್ರಕ್ಕು ಹಾರ್ನ್ ಹೊಡೆಯಿತು, ಅದರ ಹಿಂದಿನ ಕಾರೂ ಹೊಡೆಯಿತು. ಅವಳು ಅವಸರವಿಲ್ಲದೆ ಕಿಟಕಿ ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಿವಿಗೊಟ್ಟಳು. ಹೊಲದ ಗರಿಗಳ ಸರಸರ ಬಿಟ್ಟರೆ ಏನೂ ಇರಲಿಲ್ಲ. ಹಾರ್ನ್ ಇನ್ನೊಮ್ಮೆ ಕೂಗಿತು. ಮಾರ್ವಾ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.