ಎಂಟರ ಗುಳಿಗೆ

ವಿಜಯಶ್ರೀಗೆ ತನ್ನ ಮಾತಿನ ಮೇಲೆ ಭಾರೀ ಭರವಸೆ. ಹುಮನಾಬಾದಿನ ಒಂದು ಸಣ್ಣ ಸಂಸ್ಥೆಯಿಂದ ಹಳ್ಳಿಹಳ್ಳಿ ತಿರುಗಿ, ಎಚ್‌ಐವಿ ಇರುವ ಮಕ್ಕಳು ಗುಳಿಗೆ ಬಿಡದಂತೆ ನೋಡಿಕೊಳ್ಳುವ ಕೆಲಸ ಆಕೆಯದು. ಗಂಡ ಅದೇ ರೋಗದಲ್ಲಿ ಹೋಗಿದ್ದ. ಆಕೆಗೂ ಅದೇ ರೋಗ, ಅದೇ ಗುಳಿಗೆ. ಮಕ್ಕಳ ಮನೆಯಲ್ಲಿ ಬಾಗಿಲು ಮುಂದೆ ಮಾಡಿ ಕೂತು, ನನ್ನನ್ನು ನೋಡಿ ಹೇಳ್ರಿ, ರೋಗಿಷ್ಟಳ ಹಾಗೆ ಕಾಣುತ್ತೇನೆಯೇ ಎಂದು ಕೇಳುವಳು. ಕಾಣುತ್ತಿರಲಿಲ್ಲ, ನಿಜ. ಆಕೆ ಕಾಲಿಟ್ಟ ಮನೆಯಲ್ಲಿ ಗುಳಿಗೆ ಬಿಟ್ಟವರೂ ಕಡಿಮೆಯೇ.

ಅಂಥವಳಿಗೆ ೨೦೦೯ರ ಚಳಿಗಾಲದಲ್ಲಿ ಮೋರಖಂಡಿಯ ಸೋನಾಲಿ ತಲೆನೋವಾದಳು. ಹದಿನೈದರ ಹುಡುಗಿ, ತಂದೆತಾಯಿ ಇಲ್ಲ, ಸಾಕಿದವಳು ಅಜ್ಜಿ ಜಿಜಾಬಾಯಿ; ಹುಡುಗಿಗೆ ಅಜ್ಜಿಯೇ ಆಯಿ, ವಿಜಯಶ್ರೀ ಮೌಶಿ. ಮೂರು ವರ್ಷದಿಂದ ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಗುಳಿಗೆ ತಿಂದು ಚೆನ್ನಾಗಿಯೇ ಇದ್ದವಳು, ಜೂನ್‌ನಲ್ಲಿ ಬಸವಕಲ್ಯಾಣದ ಬೆಳಗಿನ ಪಾಳಿಯ ಹೈಸ್ಕೂಲು ಸೇರಿದ ಮೇಲೆ ಇಳಿಯತೊಡಗಿದಳು. ನಾಲ್ಕು ಕಿಲೋ ಕಡಿಮೆಯಾಯಿತು. ರಕ್ತದ ರಿಪೋರ್ಟೂ ಕೆಟ್ಟಿತು. ಇನ್ನೊಂದು ರಿಪೋರ್ಟು ಹೀಗೇ ಬಂದರೆ ಈ ಔಷಧ ಸೋತಿದೆಯೆಂದೇ ಲೆಕ್ಕ, ಇದರ ಮೇಲಿನದಕ್ಕೆ ದೂರದ ದೊಡ್ಡ ಊರಿಗೇ ಓಡಬೇಕು, ಅದೂ ಸೋತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದರು ಡಾಕ್ಟರು.

ಜಿಜಾಬಾಯಿ ಆಣೆ ಮಾಡಿ ಹೇಳಿದಳು, ಒಂದೂ ತಪ್ಪಿಲ್ಲ. ಡಬ್ಬಿಯಲ್ಲೂ ಒಂದೂ ಹೆಚ್ಚಿಗೆ ಉಳಿದಿರಲಿಲ್ಲ. ವಿಜಯಶ್ರೀಗೆ ಅನುಮಾನ ಬಂದದ್ದೇ ಅಲ್ಲಿ. ಊರಿಗೆಲ್ಲ ಬುದ್ಧಿ ಹೇಳುವ ತನ್ನ ಡಬ್ಬಿಯಲ್ಲೇ ತಿಂಗಳ ಕೊನೆಗೆ ಎರಡೋ ಮೂರೋ ಉಳಿಯುತ್ತವೆ, ಈ ಹುಡುಗಿಯದು ಮಾತ್ರ ಆರು ತಿಂಗಳಿಂದ ತಪ್ಪೇ ಇಲ್ಲವೆಂದರೆ ಹೇಗೆ? ಇನ್ನೂ ಕೆದಕಿದಾಗ ಜಿಜಾಬಾಯಿ ಹೇಳಿದಳು: ಸಾಲಿ ಕಡೆ ಹೋಗುವ ಬಾಡಿಗೆ ಗಾಡಿ ಏಳೂವರೆಗೇ ಹೊರಡುತ್ತದೆ, ಬೆಳಗಿನ ಗುಳಿಗೆಯನ್ನು ಕಾಗದದಲ್ಲಿ ಮಡಚಿ ಹುಡುಗಿಯ ಕೈಗೆ ಕೊಡುತ್ತೇನೆ, ಎಂಟಕ್ಕೆ ಸರಿಯಾಗಿ ನುಂಗು ಅನ್ನುತ್ತೇನೆ.

ಮರುದಿನ ವಿಜಯಶ್ರೀ ಅದೇ ಟಂಟಂ ಆಟೋ ಹತ್ತಿದಳು. ಮೂವರು ಕೂಡುವ ಸೀಟಿನಲ್ಲಿ ಐವರು. ಸೋನಾಲಿ ಗುರುತಿಲ್ಲದವಳಂತೆ ಕೂತಳು. ನಾಲ್ಕು ಜನರ ನಡುವೆ ಹಾಗಿರಬೇಕೆಂದು ಇಬ್ಬರಲ್ಲೂ ಮೊದಲೇ ಮಾತಾಗಿತ್ತು. ದಾರಿಯಲ್ಲಿ ಹತ್ತಿದ ಪಂಡರಿ ಎಂಬ ಮುದುಕ ತಲೆನೋವಿನದೊಂದು ಗುಳಿಗೆ ಬಾಯಿಗೆ ಹಾಕಿಕೊಂಡದ್ದೇ ತಡ, ಇಡೀ ಗಾಡಿ ಅವನ ಮೈಮೇಲೆ ಬಿತ್ತು. ಯಾತರ ಗುಳಿಗೆ, ಯಾವ ಡಾಕ್ಟರು, ಎಷ್ಟು ದಿನದಿಂದ, ಮನೆಯಲ್ಲಿ ಇನ್ನಾರಿಗಾದರೂ ಇದೆಯೇ? ನಮ್ಮ ಜನಕ್ಕೆ ಇನ್ನೊಬ್ಬರ ಗುಳಿಗೆಯ ಮೇಲೆ ಎಂಥ ಪ್ರೀತಿ!

ಎಂಟಾಯಿತು. ಸೋನಾಲಿಯ ಕೈ ಜೇಬಿಗೆ ಹೋಗಿ ಬರಿದೇ ಹಿಂದಕ್ಕೆ ಬಂತು. ಎಂಟರ ಗುಳಿಗೆ ವಿಜಯಶ್ರೀಗೂ ಇತ್ತು. ಬ್ಯಾಗಿನೊಳಗೆ ಹೋದ ಆಕೆಯ ಕೈ ಹೊರಗೇ ಬರಲಿಲ್ಲ. ಮೂರು ತಾಲ್ಲೂಕಿಗೆ ಧೈರ್ಯ ಹಂಚುವವಳು ಗಾಡಿಯ ಆಚೆಯ ತೊಗರಿ ಹೊಲ ನೋಡುತ್ತಾ ಕೂತಳು. ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಸಾಲಿಯ ಗೇಟಿನ ಬಳಿ ಇಳಿದಾಗ ಎಂಟೂ ಇಪ್ಪತ್ತು. ಬೇವಿನ ಮರದ ಮರೆಗೆ ಸರಿದು ವಿಜಯಶ್ರೀ ತನ್ನ ಗುಳಿಗೆ ತೆಗೆದು ಬಾಯಿಯ ಹತ್ತಿರ ಒಯ್ದಳು. ಹಿಂದೆಯೇ ಬಂದ ಸೋನಾಲಿ ಗಬಕ್ಕನೆ ಆಕೆಯ ಕೈ ಹಿಡಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಬ್ಯಾಡ್ರಿ ಮೌಶಿ. ಟೈಮ್ ದಾಟೇದ. ಈಗ ನುಂಗಿದ್ರ ವಿಷ ಆಗ್ತದ."

"ಯಾರ್ ಹೇಳ್ಯಾರ ನಿನಗ?"

"ನೀವೇ ಹೇಳಿದ್ರಿ. ಆಯಿ ಮುಂದ."

ಹೇಳಿದ್ದು ಹೌದು. ಮೂರು ವರ್ಷದ ಹಿಂದೆ, ಗುಳಿಗೆ ಶುರುವಾದ ವಾರ. ಎಂಟು ಅಂದರೆ ಎಂಟು, ದಾಟಿದರೆ ವಿಷ ಎಂದಿದ್ದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಹೆದರಿಕೆ ಇದ್ದರೆ ಅಜ್ಜಿ ಮೊಮ್ಮಗಳು ನೆಟ್ಟಗಿರುತ್ತಾರೆ ಎಂದು ಆಕೆಯೇ ಸೇರಿಸಿದ ಮಾತು ಅದು. ಅವರು ನೆಟ್ಟಗೇ ಇದ್ದರು. ಆ ಮಾತನ್ನು ಒಂದು ಕೂದಲೆಳೆಯಷ್ಟೂ ಮೀರಿರಲಿಲ್ಲ.

ವಿಜಯಶ್ರೀ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಕೂತು ಅಳುವ ಹೊತ್ತಲ್ಲ ಅದು.

"ಸುಳ್ಳ ಹೇಳಿದ್ದೆ ಸೋನಾಲಿ. ಹೆದರ್ಸಲಿಕ್ಕ ಹೇಳಿದ್ದೆ. ತಡ ಆದ್ರೂ ನುಂಗಬೇಕು. ನೋಡು," ಎಂದು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ಎಂಟೇ ಆಗಬೇಕೆಂದೂ ಇಲ್ಲ, ಎರಡು ಗುಳಿಗೆಯ ನಡುವೆ ಹನ್ನೆರಡು ತಾಸು ಇದ್ದರಾಯಿತು, ಇನ್ನು ಮೇಲೆ ಬೆಳಿಗ್ಗೆ ಮನೆಯಲ್ಲೇ ಆರೂವರೆಗೆ ನುಂಗಿ ಹೊರಡು, ಸಂಜೆಯದೂ ಆರೂವರೆಗೇ ನುಂಗು ಎಂದೂ ಹೇಳಿದಳು. ಸೋನಾಲಿ ಕಣ್ಣು ಮಿಟುಕಿಸದೆ ಆಕೆಯ ಮುಖವನ್ನೇ ನೋಡುತ್ತಿದ್ದಳು. ಮೌಶಿಗೆ ಏನೂ ಆಗಲಿಲ್ಲ.

ಆಮೇಲೆ ಹುಡುಗಿ ಪುಸ್ತಕದ ಚೀಲ ಇಳಿಸಿ, ತಳದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಸಣ್ಣ ಸಣ್ಣ ಕಾಗದದ ಪೊಟ್ಟಣ, ನೂರಕ್ಕೂ ಮಿಕ್ಕಿ, ಅಜ್ಜಿ ಮಡಚಿದ ಮಡಿಕೆ ಒಂದೂ ಬಿಚ್ಚಿರಲಿಲ್ಲ. ನುಂಗಲು ಭಯ, ಆಯಿ ಕೊಟ್ಟದ್ದನ್ನು ಎಸೆಯಲು ಮನಸ್ಸಿಲ್ಲ.

"ಇವೆಲ್ಲಾ ಈಗ ನುಂಗಲೇನ್ರಿ?"

ಈಗ ವಿಜಯಶ್ರೀಗೆ ಅಳು ತಡೆಯಲಾಗಲಿಲ್ಲ. ತಲೆಯಾಡಿಸುತ್ತಾ ಗಂಟನ್ನು ತನ್ನ ಕಡೆ ಎಳೆದುಕೊಂಡಳು.

"ಇಲ್ಲವ್ವ. ಇವತ್ತಿಂದು ಒಂದೇ."

ಸೋನಾಲಿ ಜೇಬಿನ ಪೊಟ್ಟಣ ಬಿಚ್ಚಿ ಗುಳಿಗೆ ನುಂಗಿದಳು. ಗಂಟೆ ಹೊಡೆಯಿತು, ಓಡಿದಳು.

ವಿಜಯಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆಗೆ ಬಂದಳು. ಹುಡುಗಿ ಸುಧಾರಿಸುತ್ತಾಳೆ, ಅದರಲ್ಲಿ ಆಕೆಗೆ ಅನುಮಾನವೇ ಇರಲಿಲ್ಲ. ಹುಮನಾಬಾದಿನ ಬಸ್ಸು ಬಂತು, ಹತ್ತಲಿಲ್ಲ. ಮೊದಲು ಜಿಜಾಬಾಯಿಯ ಮುಂದೆ ತಪ್ಪು ಒಪ್ಪಿಕೊಳ್ಳಬೇಕು. ಆಮೇಲೆ ಮುಡಬಿ, ಆಮೇಲೆ ಕೊಡಂಬಲ. ದಾಟಿದರೆ ವಿಷ ಎಂಬ ಅದೇ ಮಾತನ್ನು ಆಕೆ ಅಲ್ಲಿನ ಮಕ್ಕಳಿಗೂ ಹೇಳಿದ್ದಳು.