ಬೇಲಿಮಾವನ ಮೊಳೆ

ಹೊಲದ ಯಜಮಾನ ಸಾವಿನ ಮನೆಗೆಂದು ತೊಟ್ಟ ಇಸ್ತ್ರಿ ಅಂಗಿಯಲ್ಲೇ ಒಂದು ಕೆಂಪು ಹಸುವನ್ನು ಅಟ್ಟಿಕೊಂಡು ಬಂದು ಆ ಮನೆಯ ಅಂಗಳದಲ್ಲಿ ನಿಲ್ಲಿಸಿದ. ಹಸುವಿನ ಬಾಯಲ್ಲಿ ಅವನ ಹೊಲದ ಜೋಳದ ಎಲೆ ಇನ್ನೂ ಜೋತಾಡುತ್ತಿತ್ತು.

“ಹಾಲಕ್ಕ, ನಿನ್ನ ಹಸು. ಸಾಕ್ಷಿ ಸಮೇತ ತಂದಿದೀನಿ,” ಎಂದ.

ಬಂದವರಿಗೆ ಕೂರಲು ಬೆಂಚು ಹೊತ್ತು ತರುತ್ತಿದ್ದ ಹಾಲು ಮಾರುವಾಕೆ ಅದನ್ನು ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಬೇಲಿ ಎದ್ದು ಹೊಲ ಮೇಯ್ತು ಅನ್ನೋದು ಕೇಳಿದೀನಿ ಯಜಮಾನ್ರೇ. ನಿಮ್ಮ ಬೇಲಿ ಮಲಗೇಬಿಟ್ಟಿದೆ. ಹಸು ಏನ್ಮಾಡುತ್ತೆ ಪಾಪ?”

“ಹುಲ್ಲುಗಾವಲು ಗುತ್ತಿಗೆಗೆ ತಗೊಂಡೋರೇ ಬೇಲಿ ನೋಡ್ಕೋಬೇಕು.”

“ನಾನು ಗುತ್ತಿಗೆಗೆ ತಗೊಂಡಿದ್ದು ಹುಲ್ಲು. ನಿಮ್ಮ ಗೆದ್ದಲು ಹಿಡಿದ ಕಂಬ ಅಲ್ಲ.”

“ಹಾಗಾದ್ರೆ ಹುಲ್ಲೂ ಬೇಡ ಬಿಡು. ಈ ತಿಂಗಳಿಗೆ ಗುತ್ತಿಗೆ ಮುಗೀತು. ಮುಂದಕ್ಕೆ ಕೊಡಲ್ಲ.”

ಹಾಲಕ್ಕ ಹಸುವನ್ನು ತನ್ನ ಕಡೆಗೆ ಎಳೆದುಕೊಂಡಳು. ಸುತ್ತಮುತ್ತ ಬೇರೆ ಹುಲ್ಲುಗಾವಲಿಲ್ಲ. ಗುತ್ತಿಗೆ ತಪ್ಪಿದರೆ ಕೊಟ್ಟಿಗೆಯ ಹಸುಗಳನ್ನೆಲ್ಲ ಮಾರಿ ಕೈಕಟ್ಟಿ ಕೂರಬೇಕು.

ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಈ ಜಗಳ ವರ್ಷಾವರ್ಷ ಇದ್ದದ್ದೇ. ಬಿಡಿಸುವವನು ಮಾತ್ರ ಈಗ ನಡುಮನೆಯಲ್ಲಿ ಶವದ ಪೆಟ್ಟಿಗೆಯೊಳಗೆ ಮಲಗಿದ್ದ. ಬೇಲಿ ಕಟ್ಟುವುದು ಅವನ ಕಸುಬು. ಊರಿಗೆಲ್ಲ ಅವನು ಬೇಲಿಮಾವ, ಹಾಗಾಗಿ ಅವನ ಹೆಂಡತಿ ಊರಿಗೆಲ್ಲ ಅತ್ತೆ. ಅವನು ಹಾಸಿಗೆ ಹಿಡಿದ ಮೇಲೆಯೇ ಬೇಲಿಯೂ ಬಿದ್ದದ್ದು.

“ಇನ್ನು ಇವರಿಬ್ಬರ ಮಧ್ಯೆ ಹೋಗೋರ್ಯಾರು?” ಎಂದು ಗುಂಡಿ ತೋಡಿ ಬಂದಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ತಮ್ಮನನ್ನು ಕೇಳಿದ. ತಮ್ಮ ಕೈ ತೊಳೆಯುತ್ತ, “ನಾನಂತೂ ಅಲ್ಲಪ್ಪ,” ಎಂದ.

ಅತ್ತೆ ಬಾಗಿಲಿಗೆ ಬಂದಳು. “ಮೆಲ್ಲಗೆ ಮಾತಾಡಿ, ಅವರು ಮಲಗಿದಾರೆ,” ಎಂದವಳಿಗೆ ತಾನೇನಂದೆ ಎಂಬುದು ಆಮೇಲೆ ಹೊಳೆಯಿತು. ಬಾಗಿಲುವಾಡ ಹಿಡಿದುಕೊಂಡು ಅತ್ತಳು.

*

ವರ್ಷಗಳ ಹಿಂದೆ, ಯಜಮಾನ ಮತ್ತು ಹಾಲಕ್ಕನ ಮೊದಲ ಜಗಳದ ದಿನ, ಅತ್ತೆ ಬೇಲಿ ಕಟ್ಟುತ್ತಿದ್ದ ಗಂಡನಿಗೆ ಊಟ ಒಯ್ದಿದ್ದಳು. ಯಜಮಾನನ ಕೈಯಲ್ಲಿ ದೊಣ್ಣೆ, ಹಾಲಕ್ಕನ ಕೈಯಲ್ಲಿ ಕುಡುಗೋಲು. ಬೇಲಿಮಾವ ನ್ಯಾಯ ಹೇಳಲು ಹೋಗಲಿಲ್ಲ. ಅವೆರಡನ್ನೂ ಕೆಳಗಿಡಿಸಿ, ಇಬ್ಬರಿಗೂ ತಂತಿಯ ಒಂದೊಂದು ತುದಿ ಕೊಟ್ಟ.

“ಜಗಳ ಆಡಿ, ಬೇಡ ಅಂದೋರ್ಯಾರು? ಇದನ್ನ ಎಳೆದು ಹಿಡ್ಕೊಂಡು ಆಡಿ.”

ಬಿಗಿದ ತಂತಿಯನ್ನು ಒಬ್ಬರು ಬಿಟ್ಟರೆ ಅದು ಚಾಟಿಯಂತೆ ಹಾರಿ ಇನ್ನೊಬ್ಬರ ಮುಖ ಸೀಳುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ತಂತಿಯನ್ನು ಕಂಬಕ್ಕೆ ಬಡಿಯಲು ಎರಡು ಮೊನೆಯ ಬಾಗಿದ ಮೊಳೆ ಬೇಕು. ಬೇಲಿಮಾವ ಜೇಬು ತಡಕತೊಡಗಿದ. “ಇಲ್ಲೇ ಇಟ್ಟಿದ್ದೆನಲ್ಲ…”

ತಡಕಿದ, ಮತ್ತೆ ತಡಕಿದ. ಬೈಗುಳ ಖಾಲಿಯಾಯಿತು, ತೋಳು ನೋಯತೊಡಗಿತು. “ನಿನ್ನ ಕಡೆ ಸ್ವಲ್ಪ ಬಿಡು,” ಎಂದ ಯಜಮಾನ. “ನೀವು ಒಂಚೂರು ಎಳೀರಿ,” ಎಂದಳು ಹಾಲಕ್ಕ. ಮಾತು ಹಾಗೇ ಮುಂದುವರಿದು ತಂತಿ ಯಾರದು, ಕಂಬ ಯಾರದು ಎನ್ನುವುದೂ ತೀರ್ಮಾನವಾಯಿತು. ಆಮೇಲೆ ಮೊಳೆ ಸಿಕ್ಕಿತು.

ಮನೆಯ ದಾರಿಯಲ್ಲಿ ಅತ್ತೆ ಕೇಳಿದಳು: “ಮೊಳೆ ಬಲಜೇಬಲ್ಲಿತ್ತು. ಎಡಜೇಬು ಯಾಕೆ ಹುಡುಕಿದ್ರಿ?”

“ಬಲಜೇಬಲ್ಲಿ ಹುಡುಕಿದ್ರೆ ಸಿಕ್ಕಿಬಿಡ್ತಿತ್ತಲ್ಲೇ.”

ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಅತ್ತೆಗೆ ಅಂದಿನಿಂದ ಒಳಗೊಳಗೇ ಹೆಮ್ಮೆ. ಅವನಿಗೆ ಹೇಳಿರಲಿಲ್ಲ, ಅಷ್ಟೆ.

*

ಗುಂಡಿಯ ಬಳಿ ಚಳಿಗಾಳಿ ಬೀಸುತ್ತಿತ್ತು. ಅತ್ತೆ ಗಂಡನ ಕೆಲಸದ ಕೋಟು ಹಾಕಿಕೊಂಡು, ಬಲಗೈಯನ್ನು ಅದರ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಪೆಟ್ಟಿಗೆ ಇಳಿಸಲು ಎರಡು ಹಗ್ಗ. ಕಾಲಿನ ಕಡೆಯದನ್ನು ಗುಂಡಿ ತೋಡಿದ ಅಣ್ಣತಮ್ಮಂದಿರು ಹಿಡಿದರು.

“ತಲೆ ಕಡೆ ನೀವಿಬ್ರೂ ಹಿಡೀರಿ,” ಎಂದಳು ಅತ್ತೆ, ಯಜಮಾನನಿಗೂ ಹಾಲಕ್ಕನಿಗೂ.

ಅಂಥ ಹೊತ್ತಿನಲ್ಲಿ ಒಲ್ಲೆ ಎನ್ನಲಾಗುತ್ತದೆಯೇ? ಆಚೆ ಅವನು, ಈಚೆ ಅವಳು ನಿಂತು ಹಗ್ಗ ಎತ್ತಿದರು. ಪೆಟ್ಟಿಗೆ ಗುಂಡಿಯ ಮೇಲೆ ಬಂತು.

“ತಾಳಿ,” ಎಂದಳು ಅತ್ತೆ. “ಜೊತೆಗೆ ಒಂದು ಮೊಳೆ ಹಾಕಬೇಕು. ಇಲ್ಲೇ ಇಟ್ಟಿದ್ದೆನಲ್ಲ…” ಎಡಗೈಯನ್ನು ಎಡಜೇಬಿಗೆ ಹಾಕಿದಳು.

ಹಗ್ಗ ಅಂಗೈ ಕೊರೆಯತೊಡಗಿತು. ಯಜಮಾನನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತು.

“ಸಿಕ್ತಾ ಅತ್ತೆ?” ಎಂದ.

“ಹುಡುಕ್ತಾ ಇದೀನಪ್ಪ. ವಯಸ್ಸಾಯ್ತು ನೋಡು.”

ಪೆಟ್ಟಿಗೆ ಕೊಂಚ ವಾಲಿತು. “ನಿನ್ನ ಕಡೆ ಸ್ವಲ್ಪ ಬಿಡು,” ಎಂದ ಯಜಮಾನ. “ನೀವು ಒಂಚೂರು ಎಳೀರಿ,” ಎಂದಳು ಹಾಲಕ್ಕ. ಪೆಟ್ಟಿಗೆ ಸಮವಾಯಿತು. ಇಬ್ಬರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು.

“ತಂತಿ ನಾನು ತರ್ತೀನಿ,” ಎಂದ ಯಜಮಾನ ಕಣ್ಣು ತಗ್ಗಿಸಿ. “ಕಂಬ ನಿಂದು.”

“ಆಯ್ತು. ಗುತ್ತಿಗೆ?”

“ನಿನಗೆ ಕೊಡದೆ ಆ ಹುಲ್ಲು ನಾನು ಮೇಯ್ಲಾ?”

ಕಾಲಿನ ಕಡೆ ನಿಂತಿದ್ದ ಅಣ್ಣ ನಗು ತಡೆಯಲಾರದೆ ಕೆಮ್ಮಿದ.

“ಸಿಕ್ತು,” ಎಂದಳು ಅತ್ತೆ.

ಹಗ್ಗಗಳು ಹದವಾಗಿ ಸಡಿಲಿದವು. ಬೇಲಿಮಾವ ಎಲ್ಲೂ ತಗಲದೆ ನೆಟ್ಟಗೆ ಇಳಿದ. ಅತ್ತೆ ಬಲಗೈ ಹೊರತೆಗೆದು ಗುಂಡಿಯ ಮೇಲೆ ಮುಷ್ಟಿ ಬಿಚ್ಚಿದಳು. ಮೊಳೆ ಮರದ ಮೇಲೆ ಬಿದ್ದ ಸದ್ದಾಯಿತು. ಅಷ್ಟು ಹೊತ್ತೂ ಬಿಗಿಹಿಡಿದಿದ್ದ ಅಂಗೈಯಲ್ಲಿ ಅದರ ಎರಡು ಮೊನೆಗಳ ಗುರುತು ಕೆಂಪಗೆ ಮೂಡಿತ್ತು.