ಉಚ್ಚೆಂಗಮ್ಮನಿಗೆ ಹೇಳಬೇಕಿದ್ದ ಮಾತು

ಬಳ್ಳಾರಿ ಸೀಮೆ ಇನ್ನೂ ಮದರಾಸಿಗೆ ಸೇರಿದ್ದ ದಿನಗಳು. ಕಂಪ್ಲಿಯ ಮಗ್ಗುಲಲ್ಲಿ ತುಂಗಭದ್ರೆ ಎರಡಾಗಿ ಸೀಳಿ ಹರಿಯುವ ಕಡೆ ಒಂದು ನಡುಗಡ್ಡೆ ಇತ್ತು. ಅದರ ದಿಬ್ಬದ ಮೇಲೆ ನಾಲ್ಕು ಗುಡಿಸಲು, ಒಂದು ಹೊನ್ನೂರಸಾಬನದು. ಬೇಸಿಗೆಯಲ್ಲಿ ಕಲ್ಲಂಗಡಿ, ಸೌತೆ ಬೆಳೆದು ಕಂಪ್ಲಿ ಸಂತೆಗೆ ಒಯ್ಯುತ್ತಿದ್ದ. ಆ ಆಷಾಢದಲ್ಲಿ ಹೊಳೆ ಉಕ್ಕತೊಡಗಿದಾಗ ನೆರೆಯವರೆಲ್ಲ ದನಕರು ಹೊಡೆದುಕೊಂಡು ದಡ ಸೇರಿದರು. ಹೊನ್ನೂರಸಾಬ ಹೋಗುವಂತಿರಲಿಲ್ಲ. ಹೆಂಡತಿ ಮಾಬುಬಿಗೆ ನೋವು ಶುರುವಾಗಿತ್ತು. ಮದುವೆಯಾಗಿ ಎಂಟು ವರ್ಷದ ಮೇಲೆ ನಿಂತ ಬಸಿರು. ನೆರೆಮನೆಯ ಮುದುಕಿ ಎರ್ರೆಮ್ಮ, "ಇಕೀನ್ನ ಬಿಟ್ಟು ಹೆಂಗ ಹೋಗ್ಲಿ" ಎಂದು ತಾನೂ ಉಳಿದಳು.

ಒಂದು ಹಗಲು, ಒಂದು ಇರುಳು ಕಳೆದರೂ ಹೆರಿಗೆಯಾಗಲಿಲ್ಲ. ಬೆಳಗಾಗುತ್ತಲೇ ಹೊನ್ನೂರಸಾಬ ನೀರಂಚಿಗೆ ಓಡಿ, ತಲೆಯ ರುಮಾಲು ಬಿಚ್ಚಿ ಬೀಸುತ್ತ ಆಚೆ ದಡಕ್ಕೆ ಕೂಗಿದ. ಹೊಳೆಯ ಸದ್ದಿನಲ್ಲಿ ಕೂಗು ಕೇಳಿಸಿತೋ ಇಲ್ಲವೋ, ಅಂಬಿಗರ ಮುದುಕಪ್ಪನಿಗೆ ಬೀಸಿದ ಬಟ್ಟೆ ಕಂಡಿತು. ಹರಿಗೋಲು ಇಳಿಸಬೇಡವೆಂದು ದಡದಲ್ಲಿದ್ದವರೆಲ್ಲ ತಡೆದರು. ಗಡ್ಡೆಯ ಹೆರಿಗೆಯ ಸುದ್ದಿ ಕೇಳಿದ ಕಂಪ್ಲಿಯ ಸೂಲಗಿತ್ತಿ ಉಚ್ಚೆಂಗಮ್ಮ ಮಾತ್ರ ಸೀರೆಯ ಕಚ್ಚೆ ಬಿಗಿದು ಬಂದು, "ನಡಿ ಮುದುಕಪ್ಪ, ಕಣ್ಣು ಮುಚ್ಚಿಕೊಂಡು ಕುಂದರ್ತೀನಿ" ಎಂದಳು. ಅವಳಿಗೆ ಈಜು ಬರುತ್ತಿರಲಿಲ್ಲ.

ಅವಳು ಒಳಗೆ ಹೋದದ್ದು ಹೊತ್ತು ಒಂದಾಳೆತ್ತರ ಏರಿದಾಗ. ಹೊನ್ನೂರಸಾಬ ಗೋಡೆಗೆ ಒರಗಿ, ಬಾಯಿಪಾಠವಿದ್ದ ಕುರಾನಿನ ಆಯತುಗಳನ್ನೆಲ್ಲ ಓದಿದ. ಕೆಳಗಿನ ಹೊಲದ ಬದುಗಳು ಒಂದೊಂದಾಗಿ ನೀರಿನೊಳಗೆ ಮರೆಯಾಗುತ್ತಿದ್ದವು. ಒಳಗಿನಿಂದ ಮಾಬುಬಿಯ ಚೀರಾಟ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

ನಡುಮಧ್ಯಾಹ್ನಕ್ಕೆ ಉಚ್ಚೆಂಗಮ್ಮ ಹೊರಗೆ ಬಂದಳು. ಮೊಣಕೈವರೆಗೂ ರಕ್ತ.

"ತಾಯಿ ಉಳಿದಾಳ ತಮ್ಮ," ಎಂದಳು. "ಕೂಸು ಹೋಗೇತಿ. ಗಂಡು ಕೂಸು."

ಹೊನ್ನೂರಸಾಬನಿಗೆ ಕೇಳಿಸಿದ್ದು ಎರಡನೆಯ ಮಾತು ಮಾತ್ರ.

"ಎಂಟು ವರ್ಷ ದುವಾ ಬೇಡೀನಿ. ಎಂಟು ವರ್ಷ! ನೀ ಬಂದು ಏನು ಮಾಡಿದಿ? ನಿನ್ನ ಕೈಯಾಗೇ ಸತ್ತೈತಿ ನನ್ನ ಮಗ. ನಡಿ ಇಲ್ಲಿಂದ. ನನ್ನ ಬಾಗಿಲದಾಗ ನಿಂದ್ರಬ್ಯಾಡ!"

ಮುದುಕಪ್ಪ ನಡುವೆ ಬಂದ. "ಲೇ ಹೊನ್ನೂರ, ನೀರು ಏರಾಕತ್ತೈತಿ. ಇವತ್ತು ಇಲ್ಲೇ ಇದ್ದು..."

"ಹೋಗ್ರಿ ಅಂದ್ನೆಲ್ಲ!"

ಉಚ್ಚೆಂಗಮ್ಮ ಬಾನಿಯ ನೀರಿನಲ್ಲಿ ಕೈ ತೊಳೆದಳು. ಎರ್ರೆಮ್ಮನನ್ನು ಕರೆದು, ಬಾಣಂತಿಯನ್ನು ಅಲುಗಾಡಿಸಬೇಡ, ಕಾಲು ಎತ್ತರದಲ್ಲಿರಲಿ, ಗಂಜಿಯನ್ನು ಬಿಸಿಬಿಸಿ ಕುಡಿಸು ಎಂದು ಹೇಳಿ ಹೊಳೆಯ ಕಡೆ ಇಳಿದುಹೋದಳು.

ಹೊನ್ನೂರಸಾಬ ಒಳಗೆ ಬಂದ. ಮಾಬುಬಿಯ ಮುಖ ಸುಣ್ಣದಂತೆ ಬಿಳುಚಿತ್ತು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಕೂಸು.

"ಆ ಅಮ್ಮ ಎಲ್ಲಿ?" ಎಂದಳು ಮಾಬುಬಿ.

"ಕಳಿಸಿದೆ."

"ಈ ನೀರಾಗ?" ಅವಳು ಏಳಲು ನೋಡಿದಳು, ಆಗಲಿಲ್ಲ. "ಒಂದು ಗುಟುಕು ನೀರಾದ್ರೂ ಕೊಟ್ರೇನು? ಕೂಸು ನಿನ್ನೆ ರಾತ್ರೀನ ಹೊಟ್ಟ್ಯಾಗ ಸತ್ತಿತ್ತಂತ. ರಾತ್ರಿಯಿಂದ ಅಲುಗಾಡಿರಲಿಲ್ಲ, ನನಗ ಗೊತ್ತಿತ್ತು, ನಿಮಗ ಹೇಳಾಕ ಬಾಯಿ ಬರಲಿಲ್ಲ. ನನ್ನ ರಕ್ತ ನಿಲ್ಲಲಾರದಾಗ ಆಕಿ ಎರಡು ತಾಸು ಮುಷ್ಟಿ ಒತ್ತಿ ಹಿಡದಿದ್ಲು. ಕೈ ಸೋತ್ರೂ ಬಿಡಲಿಲ್ಲ. ಆಕಿಗೆ ಏನಂದು ಕಳಿಸಿದ್ರಿ?"

ಅವನು ಕೂಸಿನ ಕಡೆ ಮುಖ ತಿರುಗಿಸಿದ. ಮಾಬುಬಿ ಬಿಡಲಿಲ್ಲ.

"ಮನುಷ್ಯರ ಉಪಕಾರ ನೆನೆದು ಶುಕ್ರ್ ಹೇಳದವ ಅಲ್ಲಾಹುಗೂ ಹೇಳಿದಂಗ ಅಲ್ಲ. ಪೈಗಂಬರರ ಮಾತು ಅಂತ ನಮ್ಮಪ್ಪ ಹೇಳ್ತಿದ್ದ."

"ಯಾತಕ್ಕ ಶುಕ್ರ್?" ಅವನ ದನಿ ಒಡೆಯಿತು. "ಮಗನಿಗೆ ಕಫನ್ ಬಟ್ಟಿ ಸುತ್ತೋ ದಿನ ಯಾತಕ್ಕ ಶುಕ್ರ್ ಹೇಳ್ಲಿ?"

ಮಾಬುಬಿ ಅವನನ್ನೇ ನೋಡಿದಳು. "ನಾ ಇದ್ದೀನಲ್ರಿ," ಎಂದಳು.

ಹೊನ್ನೂರಸಾಬ ಬಾಗಿಲು ದಾಟಿ ಹೊಳೆಯ ಕಡೆ ಓಡಿದ.

ಹರಿಗೋಲು ಆಗಲೇ ಸೆಳವಿಗೆ ಬಿದ್ದಿತ್ತು. ಅವನು ಕೂಗುವಷ್ಟರಲ್ಲಿ ಮೇಲಿನಿಂದ ಬೇರುಸಹಿತ ತೇಲಿಬಂದ ಮರವೊಂದು ಅದಕ್ಕೆ ಬಡಿಯಿತು. ಮುದುಕಪ್ಪನ ಕೈಯಿಂದ ಹುಟ್ಟು ಹಾರಿಹೋಯಿತು. ಹರಿಗೋಲು ಬುಗುರಿಯ ಹಾಗೆ ತಿರುಗುತ್ತ ಗಡ್ಡೆಯ ಕೆಳತುದಿಗೆ ಸರಿದು, ಮುಳುಗಿದ ಜಾಲಿಮರಗಳ ತಲೆಗೆ ಸಿಕ್ಕಿಕೊಂಡಿತು. ದಿಬ್ಬದಿಂದ ಹದಿನೈದಿಪ್ಪತ್ತು ಮಾರು ದೂರ. ಮುಳ್ಳು ಚುಚ್ಚಿ ಹರಿಗೋಲಿನ ಚರ್ಮ ಹರಿದು ನೀರು ಒಳಗೆ ನುಗ್ಗುತ್ತಿತ್ತು.

ನೆರೆಯವರ ಕೊಟ್ಟಿಗೆಯಲ್ಲಿ ಉಳಿದಿದ್ದ ಹಗ್ಗಗಳನ್ನೆಲ್ಲ ಹೊನ್ನೂರಸಾಬ ಎಳೆದು ತಂದ. ಒಂದಕ್ಕೊಂದು ಗಂಟು ಹಾಕಿ, ಒಂದು ತುದಿ ಹೊಂಗೆಮರಕ್ಕೆ, ಇನ್ನೊಂದು ತನ್ನ ನಡುವಿಗೆ ಕಟ್ಟಿ ನೀರಿಗಿಳಿದ. ಮೊದಲು ಅವನದೇ ಹೊಲ. ಕಾಲಡಿಯ ಮಣ್ಣು ಗುರುತಿನದು. ನಾಲ್ಕು ಹೆಜ್ಜೆಯಾಚೆ ಮಣ್ಣು ಇರಲಿಲ್ಲ. ಸೆಳವು ಎರಡು ಸಲ ಅವನನ್ನು ಒಳಗೆ ಒಯ್ದಿತು. ಎರಡು ಸಲವೂ ಹಗ್ಗ ಹಿಡಿದು ಮೇಲೆ ಬಂದ. ಮೂರನೆಯ ಸಲ ಅವನ ಕೈಗೆ ಜಾಲಿಯ ಕೊಂಬೆ ಸಿಕ್ಕಿತು. ಮುಳ್ಳು ಅಂಗೈ ಹೊಕ್ಕರೂ ಬಿಡಲಿಲ್ಲ.

"ಮೊದ್ಲ ಆಕೀನ್ನ ಒಯ್ಯಿ!" ಮುದುಕಪ್ಪ ಕಿರುಚಿದ.

ಹೊನ್ನೂರಸಾಬ ಕೈ ಚಾಚಿದ. ಉಚ್ಚೆಂಗಮ್ಮ ಹರಿಗೋಲಿನ ಅಂಚು ಅಪ್ಪಿಕೊಂಡಿದ್ದಳು. ಅವನ ಮುಖ ನೋಡಿದಳು, ಕೈ ನೋಡಿದಳು, ಅಲ್ಲಾಡಲಿಲ್ಲ.

"ಯವ್ವಾ, ಹಿಡಿ!" ಅವನು ಗೋಗರೆದ. "ನಿನ್ನ ಕರಕೊಂಡು ಹೋಗಾಕ ಬಂದೀನಿ. ಹಿಡಿ!"

ಅವಳು ಕಣ್ಣು ಮುಚ್ಚಿ ಅವನ ಕುತ್ತಿಗೆಗೆ ಜೋತುಬಿದ್ದಳು. ಒಂದು ಕೈಯಿಂದ ಹಗ್ಗ ಜಗ್ಗುತ್ತ, ನೀರು ಕುಡಿಯುತ್ತ, ಉಗುಳುತ್ತ ಅವನು ಹಿಂದಕ್ಕೆ ಬಂದ. ಮುದುಕಪ್ಪ ಅದೇ ಹಗ್ಗ ಹಿಡಿದು ಬೆನ್ನಿಗೇ ಈಜಿದ. ಮೂವರೂ ದಿಬ್ಬದ ಕೆಸರಿನಲ್ಲಿ ಬಿದ್ದಾಗ, ಹರಿಗೋಲು ಕಿತ್ತುಕೊಂಡು ತಲೆಕೆಳಗಾಗಿ ಹೊಳೆಯ ಪಾಲಾಯಿತು.

ಉಸಿರು ಹಿಡಿತಕ್ಕೆ ಬರಲು ಬಹಳ ಹೊತ್ತು ಬೇಕಾಯಿತು. ಮೊದಲು ಮಾತಾಡಿದವಳು ಉಚ್ಚೆಂಗಮ್ಮ. "ನನ್ನ ಜೀವ ಉಳಿಸಿದಿಪ. ಇನ್ನ ನೀ ಅಂದ ಮಾತಿಗೂ ಇದಕ್ಕೂ ಸರಿಹೋತು."

"ಸರಿ ಹೋಗಲಿಲ್ಲ ಯವ್ವ," ಎಂದ ಹೊನ್ನೂರಸಾಬ, ಕೆಸರಿನಲ್ಲೇ ಎದ್ದು ಕುಳಿತು. "ನಾ ಓಡಿ ಬಂದಿದ್ದು ನಿನ್ನ ಉಳಿಸಾಕ ಅಲ್ಲ. ನೀ ಹೊಳಿಗೆ ಬಿದ್ದೀ ಅಂತ ನನಗ ಗೊತ್ತಿರಲಿಲ್ಲ. ಒಂದು ಮಾತು ಹೇಳಾಕ ಬಂದಿದ್ದೆ. ಈಜು ಬರಲಾರದಾಕಿ ಹೊಳಿ ದಾಟಿ ಬಂದಿ. ನನ್ನ ಹೆಣ್ತೀನ್ನ ನನಗ ತಿರುಗಿ ಕೊಟ್ಟಿ. ನಿನಗ ಶುಕ್ರ್ ಹೇಳಲಿಲ್ಲ, ಬೈದು ಕಳಿಸಿದೆ. ಈಗ ಹೇಳಾಕತ್ತೀನಿ." ಅವನು ಎರಡೂ ಕೈಗಳಿಂದ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡ.

ಅಲ್ಲಿಯವರೆಗೆ ಕಲ್ಲಿನಂತಿದ್ದ ಉಚ್ಚೆಂಗಮ್ಮ ಆಗ ಅತ್ತಳು. "ಭಾಳ ಚಂದಿತ್ತಪ ನಿನ್ನ ಕೂಸು," ಎಂದಳು. "ಎಷ್ಟು ಹೆರಿಗಿ ಮಾಡಿಸಿದ್ರೂ, ಇಂಥ ಕೂಸು ಸತ್ತು ಹುಟ್ಟಿದಾಗ ನನ್ನ ಕೈ ನನಗ ಬ್ಯಾಡ ಅನಸ್ತೈತಿ."

ಸಂಜೆಯೊಳಗೆ ದಿಬ್ಬದ ಮೇಲೆ, ಬೇವಿನ ಬುಡದಲ್ಲಿ ಹೊನ್ನೂರಸಾಬ ಗುಣಿ ತೋಡಿದ. ಮುದುಕಪ್ಪ ಮಣ್ಣು ಎತ್ತಿಕೊಟ್ಟ. ಕೂಸನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟವಳು ಉಚ್ಚೆಂಗಮ್ಮನೇ. ಮಣ್ಣು ಮುಚ್ಚಿದ ಮೇಲೆ ಹೊನ್ನೂರಸಾಬ ಕೈ ಎತ್ತಿದ. ಅಲ್ಲಾಹುವಿಗೆ ಶುಕ್ರ್ ಹೇಳುವ ಮಾತು, ಅಲ್ಹಮ್ದುಲಿಲ್ಲಾಹ್, ಎನ್ನಲು ಹೋದರೆ ಬಾಯಿಗೆ ಬರಲಿಲ್ಲ. ಇನ್ನೊಮ್ಮೆ ಹೋದ, ಆಗಲಿಲ್ಲ. ಗುಡಿಸಲಿನಿಂದ ಮಾಬುಬಿ ಕೆಮ್ಮಿದ ಸದ್ದು ಬಂತು. ಆಗ ಆ ಮಾತು ಹೊರಬಿತ್ತು, ಅಳುವಿನ ಜೊತೆಗೇ.

ನೀರು ಇಳಿಯಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ಉಚ್ಚೆಂಗಮ್ಮ ಅದೇ ಗುಡಿಸಲಿನಲ್ಲಿ ಮಾಬುಬಿಯ ತಲೆದೆಸೆಗೆ ಕುಳಿತು, ಚಮಚೆ ಚಮಚೆ ಗಂಜಿ ಕುಡಿಸಿದಳು. ಐದನೆಯ ಬೆಳಗ್ಗೆ ಬೇರೆ ಹರಿಗೋಲು ಬಂದಾಗ ಮಾಬುಬಿ ಗೋಡೆ ಹಿಡಿದು ನಿಂತು ಅವಳನ್ನು ಕಳಿಸಿಕೊಟ್ಟಳು.